ಗೆರೆ ಎಳೆಯಲು ಕರೆದವರು

ಫಾಲ್ ಅರ್ಧ ಹಚ್ಚಿ ಆಗಿತ್ತು. ಹಸಿರು ಸೀರೆಯ ಅಂಚನ್ನು ಬಲಗಾಲ ಹೆಬ್ಬೆರಳಿಗೆ ಸಿಕ್ಕಿಸಿ ಮೊಣಕಾಲ ತನಕ ಬಿಗಿಯಾಗಿ ಎಳೆದುಕೊಂಡು ಉಜ್ವಲಾ ಸೂಜಿ ಓಡಿಸುತ್ತಿದ್ದಳು. ಬೇರೆಯವರು ಮೊದಲು ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿ, ಗೆರೆ ನೇರವಾಗಿದೆಯೋ ಇಲ್ಲವೋ ನೋಡಿ, ಆಮೇಲೆ ಹೊಲಿಗೆ ಹಾಕುತ್ತಾರೆ. ಅವಳಿಗೆ ಟಾಚಣಿ ಬೇಕಾಗುತ್ತಿರಲಿಲ್ಲ. ಅವಳ ಗೆರೆ ಸೊಟ್ಟ ಹೋಗುತ್ತಿರಲಿಲ್ಲ. ಅದಕ್ಕೇ ರಾಯಬಾಗದ ಸೀರೆ ಅಂಗಡಿಯವರು ಮದುವೆ ಹಂಗಾಮು ಬಂತೆಂದರೆ ಗಂಟುಗಟ್ಟಲೆ ಸೀರೆಗಳನ್ನು ಅವಳ ಮನೆಗೇ ಕಳಿಸುತ್ತಿದ್ದರು.

ಇವತ್ತು ಸೂಜಿಯ ಜೊತೆಗೆ ತುಟಿಯೂ ಓಡುತ್ತಿತ್ತು.

"ಏನ ವಟವಟ ಅನ್ನಾಕತ್ತಿ?" ಹೊರಸಿನ ಮೇಲೆ ಶೇಂಗಾ ಒಡೆಯುತ್ತ ಕೂತಿದ್ದ ಅತ್ತೆ ತಾರಾಬಾಯಿ ಕೇಳಿದಳು. "ಸೂಜಿ ಜೋಡಿ ಜಗಳೇನ?"

"ಮಾತಾಡೂದೈತಿ ಅತ್ತಿ, ನಾಳೆ. ಸಾಲ್ಯಾಗ."

"ನೀನ? ಮೈಕಿನಾಗ?"

"ಹೂಂ."

"ಮನ್ಯಾಗ ಹೂಂ, ಹಾಂ ಬಿಟ್ಟು ಮೂರನೇ ಮಾತ ಬರೂದಿಲ್ಲ ನಿನಗ. ಮೈಕಿಗೇನ ಹೇಳ್ತೀ?"

ಉಜ್ವಲಾಳ ಹತ್ತಿರ ಹೇಳಲು ಇದ್ದದ್ದು ಒಂದೇ ಮಾತು. ಆದರೆ ಅದು ಮೂವತ್ತು ವರ್ಷ ಇಟ್ಟುಕೊಂಡು ಬಂದ ಮಾತು. ನಾಳೆ ಅದನ್ನು ಊರೆಲ್ಲ ಕೇಳುವಂತೆ ಹೇಳುವುದಿತ್ತು. ಈ ಅತ್ತೆಯೂ ಕೇಳಬೇಕು, ಗಂಡ ಸಿದರಾಯನೂ ಕೇಳಬೇಕು. ಅದಕ್ಕಾಗಿಯೇ ಇಬ್ಬರನ್ನೂ ಬರಲು ಒಪ್ಪಿಸಿದ್ದಳು. ಪಂಪಸೆಟ್ಟಿನ ಮೋಟರು ರಿಪೇರಿ ಅಂಗಡಿಯ ಸಿದರಾಯ ರವಿವಾರ ಅಂಗಡಿ ಮುಚ್ಚುವವನೇ ಅಲ್ಲ. "ಬರ್ತೀನಿ. ಆದ್ರ ಉದ್ದ ಎಳೀಬ್ಯಾಡ, ಮಂದಿಗೆ ಉಣ್ಣೂದಿರತೈತಿ" ಎಂದಿದ್ದ.

ಅಷ್ಟರಲ್ಲಿ ನಾಜಿಮಾ ಬಂದಳು. ಬಳೆ ಅಂಗಡಿಯ ನಾಜಿಮಾ, ಹೈಸ್ಕೂಲಿನ ಖೋ ಖೋ ತಂಡದಲ್ಲಿ ಉಜ್ವಲಾಳ ಜೊತೆ ಆಡಿದವಳು. ತಮ್ಮ ಆಟದ ಮಾಸ್ತರರ ನೆನಪಿನ ಈ ಕಾರ್ಯಕ್ರಮವನ್ನು ಊರೂರಿಗೆ ಫೋನು ಮಾಡಿ ಕಟ್ಟಿದವಳೂ ಅವಳೇ. ಸೀರೆಯನ್ನು ಉಜ್ವಲಾಳ ಕೈಯಿಂದ ಕಸಿದು ಪಕ್ಕಕ್ಕಿಟ್ಟಳು. "ಉಜ್ಜೂ, ಏಳ ಬೇ. ಹೂವಿನವನ ಕಡೆ ಹೋಗೂದೈತಿ. ಈ ಸೀರಿ ಉಡಾಕಿ ಮದವಿ ಇನ್ನೂ ಮುಂದಿನ ವಾರ. ನಮ್ಮ ಸರ್ದು ನಾಳೆ."

ಸೂಜಿಯನ್ನು ಸೀರೆಗೇ ಚುಚ್ಚಿಟ್ಟು ಉಜ್ವಲಾ ಎದ್ದಳು.

*

ಜಾಫರಸಾಬ ಮಾಸ್ತರರು ಕುಡಚಿಯವರು. ದಿನಾ ಮುಂಜಾನೆ ಪ್ಯಾಸೆಂಜರ್ ರೈಲಿನಲ್ಲಿ ಬಂದು, ಸ್ಟೇಷನ್ನಿನಲ್ಲಿ ಬಿಟ್ಟಿದ್ದ ಸೈಕಲ್ಲು ಹತ್ತಿ ಶಾಲೆಗೆ ಬರುತ್ತಿದ್ದರು. ರೈಲು ತಡವಾದರೆ ಸ್ಟೇಷನ್ ರಸ್ತೆಯಿಂದಲೇ ಸೀಟಿ ಊದಲು ಶುರು ಮಾಡುತ್ತಿದ್ದರು. ಅವರು ಮೈದಾನಕ್ಕೆ ಬಂದು ಮುಟ್ಟುವಷ್ಟರಲ್ಲಿ ಹುಡುಗರು ಎರಡು ಸುತ್ತು ಓಡಿ ಮುಗಿಸಿರುತ್ತಿದ್ದರು. ಒಮ್ಮೆ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ತಮ್ಮ ಶಾಲೆಯ ಹುಡುಗನೊಬ್ಬ ಬೀಡಿ ಸೇದುತ್ತಿದ್ದುದನ್ನು ಕಿಟಕಿಯಿಂದ ಕಂಡು ಸಿಟ್ಟಿನಲ್ಲಿ ಸೀಟಿ ಊದಿದರಂತೆ. ಗಾರ್ಡ್ ಊದಿದನೆಂದು ತಿಳಿದು, ಚಹಾ ಕುಡಿಯಲು ಇಳಿದವರೆಲ್ಲ ಗ್ಲಾಸು ಬಿಟ್ಟು ಓಡಿಬಂದು ಹತ್ತಿದರಂತೆ. ಬೀಡಿಯ ಹುಡುಗ ಮಾತ್ರ ರೈಲಿನ ವಿರುದ್ಧ ದಿಕ್ಕಿಗೆ ಓಡಿದ. "ಅವತ್ತಿನ ಓಟ ನೋಡಿನ ಅವನ್ನ ಟೀಮಿಗೆ ತಗೊಂಡೆ" ಎನ್ನುತ್ತಿದ್ದರು ಮಾಸ್ತರರು.

ಹುಡುಗಿಯರ ತಂಡ ಕಟ್ಟುವಾಗ ಮನೆಮನೆಗೆ ಅವರೇ ಹೋದರು. ಉಜ್ವಲಾಳ ಅಪ್ಪ ಕಾಮಣ್ಣ ಎಮ್ಮೆ ಕಟ್ಟಿಕೊಂಡಿದ್ದ ಮನುಷ್ಯ. ಅವನು ಖಡಾಖಂಡಿತ ಒಲ್ಲೆ ಎಂದ. ಆ ಮಾತುಕತೆಯನ್ನು ಉಜ್ವಲಾ ಬಾಗಿಲ ಹಿಂದೆ ನಿಂತು ಕೇಳಿದ್ದಳು.

"ಹೆಣ್ಣಹುಡುಗಿ ಬಯಲಾಗ ಓಡಿದ್ರ ಊರ ಏನಂದೀತರಿ ಮಾಸ್ತರ?"

"ಕಾಮಣ್ಣಾರ, ನಿಮ್ಮ ಎಮ್ಮಿ ಹಗ್ಗ ಹರಕೊಂಡ ಹೋದ್ರ ಹಿಡಕೊಂಡ ಬರಾವ್ರು ಯಾರು?"

"ಯಾರ್ ಅದಾರ, ನಮ್ಮ ಉಜ್ಜೀನ."

"ಆವಾಗ ಊರ ಏನಂತೈತಿ?"

ಕಾಮಣ್ಣ ಸ್ವಲ್ಪ ಯೋಚಿಸಿದ. "ಏನೂ ಅನ್ನೂದಿಲ್ರಿ. ಎಮ್ಮಿ ಸಿಕ್ತಲ್ಲಾ, ಚಲೋ ಆತು ಅಂತೈತಿ."

"ಇದೂ ಅಷ್ಟ ನೋಡ್ರಿ. ಎಮ್ಮಿ ಬದ್ಲಿ ನಿಪ್ಪಾಣಿ ಹುಡುಗ್ಯಾರನ್ನ ಹಿಡ್ಯೂದು."

ಕಾಮಣ್ಣ ಒಪ್ಪಿಕೊಂಡ. ಚಡ್ಡಿ ಬೇಡ ಎಂದು ಒಂದೇ ಷರತ್ತು ಹಾಕಿದ. ಮಾಸ್ತರರು ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ರಬ್ಬರು ಬಳೆಗಳನ್ನು ಮಾಡಿ ತಂದರು. ಹುಡುಗಿಯರು ಚೂಡಿದಾರದ ಪಾಯಜಾಮಾ ಮೇಲಕ್ಕೆತ್ತಿ ಅದನ್ನು ಸಿಕ್ಕಿಸಿಕೊಂಡು ಆಡಿದರು. ಬೇರೆ ಶಾಲೆಯವರು ಅವರಿಗೆ 'ಟ್ಯೂಬ್ ಟೀಮು' ಎಂದು ಹೆಸರಿಟ್ಟರು.

ಖೋ ಖೋ ಎಂದರೆ ಗೆರೆಯ ಆಟ. ಆ ಕಂಬದಿಂದ ಈ ಕಂಬಕ್ಕೆ ನಡುಗೆರೆ, ಅದನ್ನು ಅಡ್ಡ ಕೊಯ್ಯುವ ಗೆರೆಗಳು, ಕೂರುವವರ ಚೌಕ. ಪಂದ್ಯ ಯಾವ ಊರಲ್ಲಿದ್ದರೂ ಹಿಂದಿನ ಸಂಜೆ ಮಾಸ್ತರರು ಶಾಲೆಯ ಮೈದಾನದಲ್ಲಿ ಸುಣ್ಣದ ಡಬ್ಬಿ ತೆಗೆದು ಯಾರನ್ನಾದರೂ ಒಬ್ಬರನ್ನು ಕರೆಯುತ್ತಿದ್ದರು: "ಬಾ, ಗೆರಿ ಎಳಿಯೂಣು." ಚಿಕ್ಕೋಡಿಯಲ್ಲಿ ಪಂದ್ಯವಿದ್ದ ವರ್ಷ ಅವರು ಕರೆದದ್ದು ಉಜ್ವಲಾಳನ್ನು. ಉಳಿದವರೆಲ್ಲ ಮನೆಗೆ ಹೋಗಿದ್ದರು. ಮಾಸ್ತರರು ದಾರ ಹಿಡಿದು ಆ ಕಂಬದ ಹತ್ತಿರ ನಿಂತರು. ಅವಳು ಬಗ್ಗಿ ಸುಣ್ಣ ಉದುರಿಸುತ್ತ ಹೋದಳು. ಕೊನೆ ಮುಟ್ಟಿ ಎದ್ದು ನಿಂತಾಗ ಅವರು ಆ ಕಡೆ ಈ ಕಡೆ ನೋಡಿ, ದನಿ ಇಳಿಸಿ ಹೇಳಿದರು:

"ಉಜ್ವಲಾ, ಒಂದ ಮಾತ ಹೇಳ್ತೀನಿ. ಯಾರ ಮುಂದೂ ಅನಬ್ಯಾಡ. ಉಳದವ್ರಿಗೆ ದೇವ್ರ ಕಾಲ ಕೊಟ್ಟಾನು ಬಸ್ ಸ್ಟ್ಯಾಂಡ್‌ತನಕ ನಡ್ಯಾಕ. ಓಡಾಕ ಅಂತ ಕೊಟ್ಟದ್ದು ನಿನಗೊಬ್ಬಾಕಿಗೆ."

ಮರುದಿನ ಚಿಕ್ಕೋಡಿಯಲ್ಲಿ ನಿಪ್ಪಾಣಿಯ ಹುಡುಗಿಯರು ಟ್ಯೂಬ್ ಟೀಮನ್ನು ಸೋಲಿಸಿದರು. ಆದರೆ ಉಜ್ವಲಾ ಕೊನೆಯ ಸೀಟಿಯ ತನಕ ಯಾರ ಕೈಗೂ ಸಿಗಲಿಲ್ಲ. ಆಟದ ಲೆಕ್ಕದಲ್ಲಿ ಸೋಲು ಸೋಲೇ. ಅವಳ ಲೆಕ್ಕದಲ್ಲಿ ಆ ಮಾತು ಅಂದೇ ಸಾಬೀತಾಗಿತ್ತು.

ಆಮೇಲಿನ ಬದುಕಿನಲ್ಲಿ ಓಡುವ ಪ್ರಸಂಗವೇನೂ ಬರಲಿಲ್ಲ. ಮದುವೆಯಾಯಿತು. ಹೊಸತರಲ್ಲಿ ತಾರಾಬಾಯಿ, "ಸೊಸಿ ಅಂದ್ರ ಹಂಗ ಬಿರಬಿರ ನಡೀಬಾರದವ್ವ, ಯಾರರ ಬೆನ್ನ ಹತ್ಯಾರೇನಂತ ತಿಳೀತಾರ" ಎಂದು ಬುದ್ಧಿ ಹೇಳಿದಳು. ಉಜ್ವಲಾ ನಡಿಗೆ ನಿಧಾನ ಮಾಡಿದಳು. ಆದರೆ ಆ ಮಾತನ್ನು ಒಳಗಿಟ್ಟುಕೊಂಡು ನಿಧಾನ ನಡೆಯುವುದಕ್ಕೂ ಅದಿಲ್ಲದೆ ನಿಧಾನ ನಡೆಯುವುದಕ್ಕೂ ಬಹಳ ಅಂತರವಿದೆ. ಯಾರಾದರೂ ಚುಚ್ಚಿ ಮಾತಾಡಿದಾಗ ಅವಳು ಮನಸ್ಸಿನಲ್ಲೇ ಅವರನ್ನು ಬಸ್ ಸ್ಟ್ಯಾಂಡಿನವರ ಸಾಲಿಗೆ ಸೇರಿಸಿಬಿಡುತ್ತಿದ್ದಳು. ಅತ್ತೆ ಬಸ್ ಸ್ಟ್ಯಾಂಡಿನವಳು. ನಾದಿನಿಯರು ಬಸ್ ಸ್ಟ್ಯಾಂಡಿನವರು. ಸಿದರಾಯನಂತೂ ಬಸ್ ಸ್ಟ್ಯಾಂಡಿಗೂ ಮೋಟರ್‌ಸೈಕಲ್ ತೆಗೆಯುವವನು. ಬೀಗರ ಮನೆಯಲ್ಲಿ ಎಲ್ಲರಿಗೂ ಕುರ್ಚಿ ಸಿಕ್ಕು ಅವಳೊಬ್ಬಳು ನಿಲ್ಲಬೇಕಾಗಿ ಬಂದರೂ ಅವಳಿಗೆ ಬೇಸರವಾಗುತ್ತಿರಲಿಲ್ಲ. ಕೂರಲಿ ಪಾಪ, ಅವರ ಕಾಲು ಅಷ್ಟೇ ಎಂದುಕೊಳ್ಳುತ್ತಿದ್ದಳು.

ಹೋದ ಚಳಿಗಾಲದಲ್ಲಿ ಮಾಸ್ತರರು ತೀರಿಕೊಂಡರು. ಅತ್ತು ಮುಗಿದ ಮೇಲೆ ಉಜ್ವಲಾಳಿಗೆ ಒಂದು ವಿಚಾರ ಬಂತು. ಹೇಳಬೇಡ ಎಂದವರೇ ಇಲ್ಲವೆಂದರೆ ಇನ್ನು ಹೇಳಬಹುದು. ಹೇಳದಿದ್ದರೆ ಆ ಮಾತು ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ.

*

ರವಿವಾರ ಮುಂಜಾನೆ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ಕಂಬಕ್ಕೆ ಚೆಂಡು ಹೂವಿನ ಹಾರ, ವೇದಿಕೆಯ ಮೇಲೆ ಮಾಸ್ತರರ ದೊಡ್ಡ ಫೋಟೊ. ಹುಡುಕಿ ಹುಡುಕಿ ಸಿಕ್ಕ ಫೋಟೊಗಳಲ್ಲೆಲ್ಲ ಅವರ ಬಾಯಲ್ಲಿ ಸೀಟಿ ಇತ್ತಾದ್ದರಿಂದ ದೊಡ್ಡದು ಮಾಡಿಸಿದ ಫೋಟೊದಲ್ಲೂ ಗಲ್ಲ ಉಬ್ಬಿಸಿಕೊಂಡು, ಇನ್ನೇನು ಊದುವವರಂತೆ ನೋಡುತ್ತಿದ್ದರು. ಹಾರ ಹಾಕಲು ಹೋದ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೂ ಆ ಮುಖದ ಎದುರು ಬರುತ್ತಲೇ ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗಾಗುತ್ತಿದ್ದರು.

ಮುಂದಿನ ಸಾಲಿನಲ್ಲಿ ಮಾಸ್ತರರ ಹೆಂಡತಿ ಹುಸೇನಬಿ ಕೂತಿದ್ದಳು. ಪಕ್ಕದಲ್ಲಿ ಅವಳ ನಾದಿನಿ. ಎರಡು ಸಾಲು ಹಿಂದೆ ತಾರಾಬಾಯಿ ಮತ್ತು ಸಿದರಾಯ. ಅಥಣಿ, ಕಾಗವಾಡ, ನಿಪ್ಪಾಣಿಯಿಂದೆಲ್ಲ ಜನ ಬಂದಿದ್ದರು.

ಮೊದಲು ಈಗಿನ ಹುಡುಗಿಯರ ಪಂದ್ಯ. ಮಾಸ್ತರರು ನಿವೃತ್ತರಾದ ಮೇಲೆ ಆಟದ ಮಾಸ್ತರರು ಯಾರೂ ಬಂದಿರಲಿಲ್ಲ. ಭೂಗೋಳ ಕಲಿಸುವವರೇ ಸೀಟಿ ಹಿಡಿದಿದ್ದರು. ಅವರು ಎಳೆದ ನಡುಗೆರೆ ಕೃಷ್ಣಾ ನದಿಯ ಹಾಗೆ ಒಮ್ಮೆ ಕುಡಚಿಯ ಕಡೆ, ಒಮ್ಮೆ ಉಗಾರದ ಕಡೆ ಹೊರಳಿ ಹೋಗಿತ್ತು. ಉಜ್ವಲಾಳಿಗೆ ಅದನ್ನು ನೋಡಿ ಹಲ್ಲು ಜುಮ್ಮೆಂದಿತು.

ಓಡುವವರಲ್ಲಿ ಮೆಹೆಕ ಇದ್ದಳು. ಮಾಸ್ತರರ ಮೊಮ್ಮಗಳು ಎಂದು ಮೈಕಿನಲ್ಲಿ ಸಾರಿ ಹೇಳಿದ್ದರಿಂದ ಜನ ಕುರ್ಚಿಯ ತುದಿಗೆ ಸರಿದು ಕೂತರು. ಉದ್ದನೆಯ ಹುಡುಗಿ. ಕೈ ಒಂದು ಕಡೆ, ಕಾಲು ಒಂದು ಕಡೆ ಓಡುತ್ತಿದ್ದವು. ಎರಡು ಹೆಜ್ಜೆಗೇ ಔಟಾದಳು. ಔಟು ಮಾಡಿದವಳಿಗೆ ಕಾಲು ತಾಗಿತೆಂದು "ಸಾರಿ" ಬೇರೆ ಹೇಳಿದಳು.

"ಅಜ್ಜ ಇದ್ದಿದ್ರ ಸೀಟಿ ನುಂಗತಿದ್ದ ನೋಡ" ಎಂದು ಯಾರೋ ಹಿಂದೆ ನಕ್ಕರು. ಮೆಹೆಕ ಕೇಳಿಸದವಳಂತೆ ಹೋಗಿ ನೀರಿನ ಟಾಕಿಯ ಬದಿಗೆ ಕೂತು, ಕಾಲಿಗೆ ಮೆತ್ತಿದ ಸುಣ್ಣವನ್ನು ಉಜ್ಜಿ ಉಜ್ಜಿ ತೊಳೆದುಕೊಂಡಳು. ಸುಣ್ಣ ಹೋದ ಮೇಲೂ ಉಜ್ಜುತ್ತಿದ್ದಳು.

ಆಮೇಲೆ ಭಾಷಣ. ಮೊದಲು ಮೈಕು ಹಿಡಿದವನು ರೂಪೇಶ. ಕಬ್ಬಿನ ಲಾರಿಗಳ ಮಾಲೀಕ. ಹೊಟ್ಟೆ ಅವನಿಗಿಂತ ಮೊದಲು ಮೈಕು ಮುಟ್ಟಿತು.

"ಇವತ್ತ ಒಂದ ಗುಟ್ಟ ಹೇಳ್ತೀನಿ" ಎಂದು ಅವನು ಕಣ್ಣು ಒರೆಸಿಕೊಂಡ. "ಸರ್ ಇರೂತನಕ ಬಾಯಿ ಬಿಟ್ಟಿಲ್ಲ. ಒಂದಿನ ಸಂಜೀಕ ಗೆರಿ ಎಳ್ಯಾಕ ನನ್ನೊಬ್ಬನ್ನ ಕರದ್ರು. ಕರದು, ರೂಪೇಶಾ, ಯಾರ ಮುಂದೂ ಅನಬ್ಯಾಡ, ಉಳದವ್ರಿಗೆ ದೇವ್ರ ಕಾಲ ಕೊಟ್ಟಾನು..."

ಉಜ್ವಲಾಳ ಕೈಯಲ್ಲಿದ್ದ ನೀರಿನ ಬಾಟಲಿ ಕಟಕ್ಕೆಂದಿತು.

"...ಬಸ್ ಸ್ಟ್ಯಾಂಡ್‌ತನಕ ನಡ್ಯಾಕ. ಓಡಾಕ ಅಂತ ಕೊಟ್ಟದ್ದು ನಿನಗೊಬ್ಬಗ, ಅಂದ್ರು!"

ಚಪ್ಪಾಳೆ ಬರಬೇಕಿತ್ತು. ಬರಲಿಲ್ಲ. ಪೆಂಡಾಲಿನಲ್ಲಿ ಅಲ್ಲಲ್ಲಿ ಕುರ್ಚಿ ಸರಿದ ಸದ್ದು. ವೇದಿಕೆಯ ಮೇಲೇ ಕೂತಿದ್ದ ಅಭಿನಂದನ ಎದ್ದು ನಿಂತ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿ, ಎಂದೂ ದನಿ ಏರಿಸದ ಮನುಷ್ಯ.

"ಏ ರೂಪೇಶಾ, ತಡಿ. ಅದು ನನಗ ಹೇಳಿದ್ದು."

"ನಿನಗ ಯಾಕ ಹೇಳ್ತಾರಲೇ? ನೀ ಕೂತಲ್ಲೇ ಔಟ ಆಗತಿದ್ದಿ!"

"ಖರೇ ಹೇಳ್ತೀನಿ. ಇಷ್ಟ ವರ್ಷ ನನ್ನ ಹೇಣ್ತಿ ಮುಂದ ಸೈತ ಹೇಳಿಲ್ಲ!"

"ಹೇಳಿಲ್ಲೇನರಿ?" ಹೆಂಗಸರ ಸಾಲಿನಿಂದ ಅವನ ಹೆಂಡತಿಯ ದನಿ ಬಂತು. "ಲಗ್ನಾಗಿ ವಾರ ಆಗಿದ್ದಿಲ್ಲ, ಹೇಳೀರಿ. ನನಗ ಬಸ್ ಸ್ಟ್ಯಾಂಡ್ ಯಾಕ ಬಂತು ನಡುವ ಅಂತ ತಿಳೀಲೇ ಇಲ್ಲ."

ಈಗ ಕಾಗವಾಡದ ದಾದಾಸಾಹೇಬ ಎದ್ದ. ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ ಮಾತಾಡುವವನು. ಸಿಟ್ಟು ಬಂದಾಗ ಎರಡೂ ಒಟ್ಟಿಗೆ ಬರುತ್ತಿದ್ದವು. "ಮಲಾ ಪಣ ತೇಚ ಸಾಂಗಿತಲಂ! ನನಗೂ ಅದನ್ನ ಹೇಳ್ಯಾರ! ಮರಾಠಿಯೊಳಗ ಹೇಳ್ಯಾರ! ಆದ್ರ ನನಗ ಎಸ್‌ಟಿ ಸ್ಟ್ಯಾಂಡ್ ಅಂದ್ರು."

"ಎರಡೂ ಒಂದ ಅಲ್ಲೇನಪಾ?"

"ಒಂದ ಹೆಂಗಾತು? ಎಸ್‌ಟಿ ಅಂದ್ರ ಮಹಾರಾಷ್ಟ್ರದ ಬಸ್ಸು, ಅದರ ಸ್ಟ್ಯಾಂಡ್ ಮಿರಜಿಗೆ ಐತಿ. ಅಷ್ಟು ದೂರ ನಡಿಯೂ ಮಂದೀಕಿಂತ ನಾ ಹೆಚ್ಚು ಅಂದಂಗಾತಲ್ಲ ಮತ್ತ!"

ಆಮೇಲೆ ಯಾರು ಎಲ್ಲಿಂದ ಎದ್ದರೋ ತಿಳಿಯಲಿಲ್ಲ. ನನಗೂ, ನನಗೂ ಎಂಬ ದನಿಗಳು ಪೆಂಡಾಲಿನ ಮೂಲೆಮೂಲೆಯಿಂದ ಬಂದವು. ಬೀಡಿ ಸೇದಿ ಸಿಕ್ಕಿಬಿದ್ದವನು ಈಗ ಒಂದು ಪಂಚಾಯಿತಿಯ ಅಧ್ಯಕ್ಷ. ಅವನೂ ಎದ್ದು, ತನಗೆ ಅದನ್ನು ಎರಡು ಸಲ ಹೇಳಿದ್ದರು ಎಂದ. ಎರಡನೇ ಸಲ ಯಾಕೆ ಎಂದು ಕೇಳಿದ್ದಕ್ಕೆ, "ಒಮ್ಮೆ ಹೇಳಿದ್ದು ಮರತಿದ್ರು ಅಂತ ಕಾಣಸತೈತಿ" ಎಂದು ಕೂತ.

ಉಜ್ವಲಾಳ ಪಕ್ಕದಲ್ಲಿ ನಾಜಿಮಾ ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು. ನಗುತ್ತಿದ್ದಾಳೆಂದುಕೊಂಡರೆ, ಅಳುತ್ತಿದ್ದಳು.

"ನನಗೂ ಹೇಳಿದ್ರು ಉಜ್ಜೂ" ಎಂದಳು ಸಣ್ಣ ದನಿಯಲ್ಲಿ. "ಅಥಣಿ ಮ್ಯಾಚಿನ ಹಿಂದಿನ ಸಂಜೀಕ. ನಿನಗ ಕೆಟ್ಟ ಅನಸೀತು ಅಂತ ನಾ ನಿನ್ನ ಮುಂದ ಹೇಳಿದ್ದಿಲ್ಲ."

ಉಜ್ವಲಾ ಅವಳ ಕಡೆ ತಿರುಗಿದಳು. ನಾಜಿಮಾ! ಬೆನ್ನಟ್ಟುವವಳು ಎದ್ದು ನಿಲ್ಲುವ ಮೊದಲೇ ಔಟಾಗುತ್ತಿದ್ದ ನಾಜಿಮಾ! ಇವಳನ್ನು ಬಸ್ ಸ್ಟ್ಯಾಂಡಿನವರ ಸಾಲಿನಲ್ಲಿ ಮೊಟ್ಟಮೊದಲು ನಿಲ್ಲಿಸಿ, ಗೆಳತಿಯಲ್ಲವೇ ಎಂದು ಪ್ರೀತಿಯಿಂದ ಕರುಣೆ ತೋರುತ್ತ ಬಂದಿದ್ದಳು. ಅದೇ ಹೊತ್ತಿಗೆ ಇವಳೂ ತನಗೆ ಅದೇ ಕರುಣೆ ತೋರುತ್ತಿದ್ದಳೆಂದರೆ?

ಗದ್ದಲ ತಡೆಯಲಾರದೆ ಹೆಡ್‌ಮಾಸ್ತರರು ಮೈಕನ್ನು ಹುಸೇನಬಿಯ ಮುಂದೆ ಹಿಡಿದರು. "ಚಾಚಿ, ನೀವ ಹೇಳ್ರಿ. ಸರ್ ಮನ್ಯಾಗ ಯಾರ ಹೆಸರ ಹೇಳ್ತಿದ್ರು? ಖರೇ ಆಟಗಾರ ಯಾರು?"

ಹುಸೇನಬಿ ಸೆರಗು ಸರಿ ಮಾಡಿಕೊಂಡಳು. "ನನಗ ಆಟ ತಿಳ್ಯೂದಿಲ್ಲಪ್ಪ. ನನಗ ಅವ್ರು ಹೇಳಿದ್ದು ರೊಟ್ಟಿ ಮಾತ. ಈ ಸೀಮ್ಯಾಗೆಲ್ಲ ರೊಟ್ಟಿ ಅಂದ್ರ ನಿನ್ನ ಕೈಯಿಂದು, ಉಳದವ್ರು ಬಡಿಯೂದು ಹಂಚ ಮುಚ್ಚಾಕ, ಯಾರ ಮುಂದೂ ಅನಬ್ಯಾಡ, ಅಂದಿದ್ರು."

ಪಕ್ಕದಲ್ಲಿ ನಾದಿನಿ ತಟ್ಟನೆ ತಿರುಗಿದಳು. "ಭಾಬಿ, ಅಣ್ಣ ಅದನ್ನ ನನಗ ಹೇಳಿದ್ದ!"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಆದರೆ ಆ ನಗುವಿನ ಅಡಿಯಲ್ಲಿ ಏನೋ ಸರಿಯಿರಲಿಲ್ಲ. ನಕ್ಕು ಮುಗಿಸಿದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತ ಕೂತರು. ರೂಪೇಶ ಗಾಳಿ ಬಿಟ್ಟ ಟ್ಯೂಬಿನಂತೆ ಕುರ್ಚಿಯಲ್ಲಿ ಕುಸಿದಿದ್ದ. ಫೋಟೊದಲ್ಲಿ ಮಾಸ್ತರರು ಮಾತ್ರ ಗಲ್ಲ ಉಬ್ಬಿಸಿಕೊಂಡೇ ಇದ್ದರು.

"ಈಗ ಉಜ್ವಲಾ ಬಾಯಿಯವರು ಎರಡು ಮಾತು" ಎಂದರು ಹೆಡ್‌ಮಾಸ್ತರರು.

ಅವಳು ಮೆಟ್ಟಿಲು ಹತ್ತಿದಳು. ಕಲಿತು ಬಂದಿದ್ದ ಭಾಷಣ ಪೂರ್ತಿ ನೆನಪಿತ್ತು. ಈಗ ಅದನ್ನು ಹೇಳಿದರೆ ಹಾಲಿನ ಡೇರಿಯ ಸಾಲಿನಲ್ಲಿ ಕೊನೆಗೆ ಚರಿಗೆ ಹಿಡಿದು ನಿಂತಂತೆ: ನನಗೂ, ನನಗೂ. ಕೆಳಗೆ ಸಿದರಾಯ ಗಡಿಯಾರ ನೋಡಿಕೊಂಡ. ತಾರಾಬಾಯಿ ಸೊಸೆ ಏನು ಹೇಳುತ್ತಾಳೆಂದು ಕತ್ತು ಚಾಚಿದ್ದಳು. ಉಜ್ವಲಾಳಿಗೆ ಸಿಟ್ಟು ಬಂತು. ಅದು ಮಾಸ್ತರರ ಮೇಲಿನದೋ, ನಾಜಿಮಾಳ ಮೇಲಿನದೋ ಗೊತ್ತಾಗಲಿಲ್ಲ. ಬಾಯಿ ತೆರೆದಾಗ ಬಂದ ಮಾತು ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

"ನನಗ ಸರ್ ಏನೂ ಹೇಳಿದ್ದಿಲ್ಲ."

ಪೆಂಡಾಲಿನಲ್ಲಿ ತಲೆಗಳೆಲ್ಲ ವೇದಿಕೆಯ ಕಡೆ ತಿರುಗಿದವು.

"ಗೆರಿ ಎಳ್ಯಾಕ ಕರದಿದ್ರು. ಎಳದೆ. ಮನೀಗೆ ಹೋದೆ. ಅಷ್ಟ." ಮೈಕು ಕೀ ಎಂದಿತು. "ನಮಸ್ಕಾರ್ರಿ."

ಕೆಳಗಿಳಿಯಲು ಹೆಜ್ಜೆ ಇಟ್ಟಿದ್ದಳು. ದಾದಾಸಾಹೇಬ ಕುರ್ಚಿಯಿಂದ ಮೆಲ್ಲನೆ ಎದ್ದ. ದೊಡ್ಡದೊಂದು ಲೆಕ್ಕ ಬಿಡಿಸಿದವನಂತೆ ಅವನ ಮುಖ ಅರಳಿತು.

"ತಡೀರಿ, ತಡೀರಿ! ಎಲ್ಲಾರಿಗೂ ಹೇಳ್ಯಾರ, ಈಕಿಗೊಬ್ಬಾಕಿಗೆ ಹೇಳಿಲ್ಲ. ಯಾಕ ಹೇಳಿಲ್ಲ? ಸುಳ್ಳ ಇದ್ದವ್ರಿಗೆ ಹೇಳಬೇಕಾಗತೈತಿ. ಖರೇ ಇದ್ದಾಕಿಗೆ ಯಾಕ ಹೇಳ್ತಾರ?"

"ಅರೇ ಹೌದಲಾ!" ಎಂದ ರೂಪೇಶ. ಅವನ ಗಾಳಿ ತಿರುಗಿ ತುಂಬತೊಡಗಿತು. "ಚಿಕ್ಕೋಡ್ಯಾಗ ಈಕಿ ಒಬ್ಬಾಕೀನ ಔಟ ಆಗಿದ್ದಿಲ್ಲ! ನಾ ಕಣ್ಣಲೆ ನೋಡೀನಿ!"

ಬರಬೇಕಾಗಿದ್ದ ಚಪ್ಪಾಳೆಯೆಲ್ಲ ಈಗ ಒಮ್ಮೆಲೇ ಬಂತು. ತಮಗೆ ಸಿಗದ್ದು ಯಾರಿಗೋ ಸಿಕ್ಕಿದೆ, ಒಟ್ಟಿನಲ್ಲಿ ಸರ್ ಸುಳ್ಳಾಗಲಿಲ್ಲ ಎಂಬ ಸಮಾಧಾನಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪಂಚಾಯಿತಿ ಅಧ್ಯಕ್ಷ ಸೀಟಿ ಊದಿದ. ನಾಜಿಮಾ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದಳು, ಕಣ್ಣಲ್ಲಿ ಇನ್ನೂ ನೀರು.

"ಏನೂ ಹೇಳಿದ್ದಿಲ್ಲ ಅಂದಿದ್ದಕ್ಕ ಇಷ್ಟ ಚಪ್ಪಾಳೇನ?" ತಾರಾಬಾಯಿ ಮಗನನ್ನು ಕೇಳಿದಳು. "ಹೇಳಿದ್ರ ಏನ ಮಾಡತಿದ್ರೋ!"

ಸಿದರಾಯ ಗಡಿಯಾರ ಮರೆತು ಹೆಂಡತಿಯ ಕಾಲು ನೋಡುತ್ತಿದ್ದ, ಇಷ್ಟು ದಿನ ಮನೆಯಲ್ಲೇ ಇದ್ದ ಮೋಟರಿನ ಕುದುರೆ ಶಕ್ತಿ ಇಂದು ತಿಳಿದವನ ಹಾಗೆ.

ಉಜ್ವಲಾಳಿಗೆ ಬೇಕಾದದ್ದು ಎಲ್ಲವೂ ಸಿಕ್ಕಿತ್ತು. ಎಲ್ಲರೂ ಕೇಳಿದರು, ಗಂಡ ನೋಡಿದ, ಅತ್ತೆ ಬೆರಗಾದಳು. ಸುಳ್ಳಿನಿಂದ ಸಿಕ್ಕಿತು, ಅಷ್ಟೇ. ನಿಜ ಹೇಳಿದ್ದರೆ ಸಿಗುತ್ತಿರಲಿಲ್ಲ.

*

ಊಟದ ಹೊತ್ತಿನಲ್ಲಿ ಗಂಡಸರು ಸ್ಮಾರಕದ ಮಾತು ಶುರು ಮಾಡಿದರು. ರೂಪೇಶ ಮೈದಾನಕ್ಕೆ ಕಮಾನು ಕಟ್ಟಿಸುತ್ತೇನೆಂದ. ಕಮಾನಿಗಿಂತ ಗ್ಯಾಲರಿ ಮೇಲು ಎಂದ ಅಭಿನಂದನ. ದಾದಾಸಾಹೇಬನಿಗೆ ಗೋಡೆಯ ಮೇಲೆ ಎರಡೂ ಭಾಷೆಯಲ್ಲಿ ಹೆಸರು ಬೇಕಿತ್ತು. "ಹುಡುಗ್ಯಾರಿಗೆ ಕಲಸಾಕ ಯಾರ ಬರ್ತೀರಿ?" ಎಂದು ಭೂಗೋಳದ ಮಾಸ್ತರರು ಎರಡು ಸಲ ಕೇಳಿದರು. ಎರಡನೇ ಸಲ ಕೇಳಿದಾಗ ಯಾರೋ ಅವರ ತಟ್ಟೆಗೆ ಜಿಲೇಬಿ ಹಾಕಿದರು.

ಹುಸೇನಬಿ ಉಜ್ವಲಾಳನ್ನು ಬಳಿಗೆ ಕರೆದಳು. ಕೈ ಹಿಡಿದು ಪಕ್ಕದ ಕುರ್ಚಿಗೆ ಕೂರಿಸಿಕೊಂಡಳು.

"ಗೆರಿ ಎಳ್ಯಾಕ ಕರದಿದ್ರಲ್ಲಾ ನಿನ್ನ?"

"ಹೌದ್ರಿ ಚಾಚಿ."

"ಗೆರಿ ಎಳ್ಯಾಕ ಕರದು ಹಂಗ ಕಳಿಸಿದ ಮನಷ್ಯಾ ಅಲ್ಲ ಅದು." ಹುಸೇನಬಿ ನಕ್ಕಳು. ಹಲ್ಲು ಕೆಲವೇ ಇದ್ದವು, ಇದ್ದವೆಲ್ಲ ನಕ್ಕವು. "ಹೋಗ್ಲಿ ಬಿಡ. ನಾ ಯಾರ ಮುಂದೂ ಅನ್ನೂದಿಲ್ಲ."

ಉಜ್ವಲಾ ತಲೆ ತಗ್ಗಿಸಿದಳು. "ಚಾಚಿ, ಎಲ್ಲಾರಿಗೂ ಸುಳ್ಳ ಹೇಳಿದ್ರಲ್ರಿ ಮತ್ತ?" ಎಂದಳು. ಕೇಳಬಾರದೆಂದುಕೊಂಡಿದ್ದರೂ ದನಿಯಲ್ಲಿ ನೋವು ಕೇಳಿಸಿತು.

"ಸುಳ್ಳ ಯಾಕ? ಸಂಜೀಕ ಮನೀಗೆ ಬಂದ ಕೈ ತೊಳಕೋತ ನನ್ನ ಮುಂದೂ ಹೇಳತಿದ್ರು. ಇವತ್ತ ಆ ಹುಡುಗಿ ಕಾಲ ನೋಡಿದೆ ಹುಸೇನಾ, ಅಂಥಾ ಕಾಲ ಎಲ್ಲೂ ಇಲ್ಲ ಅಂತಿದ್ರು. ಹೋದ ವಾರ ಇನ್ನೊಬ್ಬಂದು ಅಂದಿದ್ರಿ ಅಂದ್ರ, ಅಂವಂದೂ ಹಂಗ ಅದಾವ ಅಂತಿದ್ರು. ಹೇಳೂ ಹೊತ್ತಿಗೆ ಖರೇನ ಇರತಿತ್ತವ್ವ ಅವರಿಗೆ." ಹುಸೇನಬಿ ಟಾಕಿಯ ಕಡೆ ನೋಡಿದಳು. ಮೆಹೆಕ ಊಟಕ್ಕೂ ಬಾರದೆ ಅಲ್ಲೇ ಕೂತಿದ್ದಳು. "ಈಕಿಗೆ ಹೇಳಾಕ ಆಗಲಿಲ್ಲ. ಈಕಿ ಹೈಸ್ಕೂಲಿಗೆ ಬರೂದ್ರೊಳಗ ಹೋಗೇಬಿಟ್ರು."

*

ಮರುದಿನ ಉಜ್ವಲಾ ಅರ್ಧಕ್ಕೆ ಬಿಟ್ಟಿದ್ದ ಹಸಿರು ಸೀರೆಯನ್ನು ಮತ್ತೆ ಹೆಬ್ಬೆರಳಿಗೆ ಸಿಕ್ಕಿಸಿದಳು. ಚುಚ್ಚಿಟ್ಟ ಸೂಜಿ ಅಲ್ಲೇ ಇತ್ತು. ಮುಂಜಾನೆ ಸಿದರಾಯ ತನ್ನ ಚಹಾದ ಕಪ್ಪನ್ನು ತಾನೇ ಒಳಗಿಟ್ಟು ಹೋಗಿದ್ದ. ಹಾಗೆ ಮಾಡಿದ್ದನ್ನು ಯಾರೂ ನೋಡಬಾರದೆಂದು ಅತ್ತಿತ್ತ ನೋಡಿದ್ದನ್ನು ಅವಳು ನೋಡಿದ್ದಳು.

ರಾತ್ರಿಯೆಲ್ಲ ಆ ಮಾತನ್ನು ತಿರುವಿ ಹಾಕಿ ನೋಡಿದ್ದಳು. ಒಡೆದಿತ್ತೇ? ಒಡೆದಂತೆ ಕಾಣಲಿಲ್ಲ. ಎಷ್ಟೊಂದು ಜನ ಅದೇ ಮಾತಿನ ಮೇಲೆ ನಿಂತು ಎಷ್ಟೊಂದು ವರ್ಷ ದಾಟಿದ್ದರು. ಲಾರಿ ಓಡಿಸಿದರು, ತಂಬಾಕು ಮಾರಿದರು, ಬಳೆ ತೊಡಿಸಿದರು. ನಾಜಿಮಾಳ ಗಂಡ ಹಾಸಿಗೆ ಹಿಡಿದಿದ್ದ ವರ್ಷ ಅವಳು ಅಂಗಡಿ, ಆಸ್ಪತ್ರೆ, ಮನೆ ಎಂದು ತಿರುಗಿದ್ದು ಉಜ್ವಲಾಳಿಗೆ ನೆನಪಾಯಿತು. ಅಷ್ಟನ್ನು ಓಡಿದ ಕಾಲು ಬಸ್ ಸ್ಟ್ಯಾಂಡಿನದಾಗಿರಲು ಹೇಗೆ ಸಾಧ್ಯ?

ಮೈದಾನದ ಸೊಟ್ಟ ಗೆರೆ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಸುಣ್ಣ ಎಲ್ಲಿ ಸಿಗುತ್ತದೆಂದು ಗೊತ್ತಿತ್ತು. ದಾರ ಮನೆಯಲ್ಲೇ ಇತ್ತು. ಸಂಜೆ ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಶಾಲೆಯ ಕಡೆಯಿಂದ ಹಾದು ಬಂದರೆ ಯಾರೂ ಕೇಳುವುದಿಲ್ಲ. ನಡುಗೆರೆಗೆ ದಾರದ ಆ ತುದಿ ಹಿಡಿಯಲು ಒಬ್ಬರು ಬೇಕಾಗುತ್ತದೆ. ಉದ್ದನೆಯ ಹುಡುಗಿಯಾದರೆ ಒಳ್ಳೆಯದು.

ತೊಡಕು ಒಂದೇ. ಬಸ್ ಸ್ಟ್ಯಾಂಡಿನ ಮಾತು ಇನ್ನು ನಡೆಯುವುದಿಲ್ಲ. ಮೆಹೆಕ ಟಾಕಿಯ ಬದಿಗೆ ಕೂತು ಅದನ್ನು ಹತ್ತು ಜನರ ಬಾಯಿಂದ ಕೇಳಿಸಿಕೊಂಡಿದ್ದಾಳೆ. ಬೇರೆ ಮಾತು ಬೇಕು. ಹೊಸದಿರಬೇಕು, ಸುಳ್ಳಿರಬಾರದು, ಹೇಳುವ ಹೊತ್ತಿಗಾದರೂ. ಆ ಹುಡುಗಿಯ ಕಾಲುಗಳನ್ನು ಉಜ್ವಲಾ ಮನಸ್ಸಿನಲ್ಲಿ ಮತ್ತೆ ಓಡಿಸಿ ನೋಡಿದಳು. ಎರಡೇ ಹೆಜ್ಜೆ. ಆದರೆ ಮೊದಲನೇ ಹೆಜ್ಜೆ... ಎಷ್ಟು ಉದ್ದವಿತ್ತು ಅದು! ಅದನ್ನು ಯಾರೂ ನೋಡಿರಲಿಲ್ಲ. ಎಲ್ಲರೂ ಎರಡನೆಯದನ್ನು ನೋಡಿ ನಕ್ಕಿದ್ದರು.

ಸೂಜಿ ನಿಂತಿತು. ಮಾತು ಹೊಳೆದಿತ್ತು. ಒಳಗೊಳಗೇ ಒಮ್ಮೆ ಹೇಳಿಕೊಂಡು ನೋಡಿದಳು. ಸರಿಯಾಗಿ ಕೂತಿತು.

"ಏನ, ಒಬ್ಬಾಕೀನ ನಗಾಕತ್ತಿ?" ತಾರಾಬಾಯಿ ಶೇಂಗಾ ಒಡೆಯುವುದನ್ನು ಬಿಟ್ಟು ಕೇಳಿದಳು. ನಿನ್ನೆಯಿಂದ ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು. "ಮತ್ತ ಏನರ ಭಾಷಣೈತೇನ?"

"ಏನಿಲ್ಲತ್ತಿ" ಎಂದು ಉಜ್ವಲಾ ಹಲ್ಲಿನಿಂದ ದಾರ ಕಡಿದಳು. "ದಾರ ಮುಗಿದಿತ್ತು."